ಹಳೆಯ ಗಣಕಯಂತ್ರಗಳ ಕಾರ್ಯಾಚರಣಾ ವ್ಯವಸ್ಥೆಯ ಉನ್ನತೀಕರಣ

ಕಾರ್ಯಾಚರಣಾ ವ್ಯವಸ್ಥೆಯ ಉನ್ನತೀಕರಣ ಎಂದರೆ ಗಣಕಯಂತ್ರವೊಂದರಲ್ಲಿ ಈಗಾಗಲೇ ಇರುವ ಕಾರ್ಯಾಚರಣಾ ವ್ಯವಸ್ಥೆಯ ಜಾಗದಲ್ಲಿ ಅದರ ಮುಂದಿನ ಮುಖ್ಯ ಆವೃತ್ತಿಯನ್ನು ಅಥವಾ ಬೇರೊಂದು ವ್ಯವಸ್ಥೆಯನ್ನು ಸ್ಥಾಪಿಸುವುದು. ಆಡುಮಾತಿನಲ್ಲಿ ಇದನ್ನು ಅಪ್‌ಗ್ರೇಡ್ ಎನ್ನುತ್ತಾರೆ. ಒಂದೇ ಆವೃತ್ತಿಯೊಳಗೆ ಕಾಲಕಾಲಕ್ಕೆ ಬರುವ ಅಪ್‌ಡೇಟ್‌ಗಳು, ಅಂದರೆ ಸಣ್ಣ ತಿದ್ದುಪಡಿಗಳು, ಇದರಿಂದ ಭಿನ್ನವಾದವು. ಹೊಸ ಯಂತ್ರದಲ್ಲಿ ಉನ್ನತೀಕರಣವು ಸಾಮಾನ್ಯ ನಿರ್ವಹಣೆಯ ಭಾಗ. ಹಳೆಯ ಯಂತ್ರದಲ್ಲಿ ಅದು ಲಾಭನಷ್ಟಗಳನ್ನು ತೂಗಿ ನೋಡಬೇಕಾದ ನಿರ್ಧಾರ. ಯಂತ್ರ ನಿಧಾನವಾಗಬಹುದು, ಮುದ್ರಕ ಅಥವಾ ಸ್ಕ್ಯಾನರ್ ಕೆಲಸ ನಿಲ್ಲಿಸಬಹುದು, ಹಳೆಯ ತಂತ್ರಾಂಶ ತೆರೆಯದೆ ಹೋಗಬಹುದು. ಉನ್ನತೀಕರಿಸದಿದ್ದರೆ ಭದ್ರತೆಯ ಅಪಾಯ ಉಳಿಯುತ್ತದೆ.

ಕನ್ನಡದ ಬಳಕೆದಾರರಿಗೆ ಈ ನಿರ್ಧಾರದಲ್ಲಿ ಇನ್ನೊಂದು ಅಂಶವೂ ಸೇರಿದೆ. ಯೂನಿಕೋಡ್ ಬಳಕೆಗೆ ಬರುವ ಮೊದಲು ಸಿದ್ಧಪಡಿಸಿದ ಕನ್ನಡ ಕಡತಗಳು ಆಯಾ ಫಾಂಟು ಮತ್ತು ತಂತ್ರಾಂಶಗಳಿಗೆ ಕಟ್ಟುಬಿದ್ದಿವೆ. ಅವನ್ನು ಪರಿವರ್ತಿಸದೆ ಹಳೆಯ ವ್ಯವಸ್ಥೆಯನ್ನು ಅಳಿಸಿಹಾಕಿದರೆ ಕಡತ ಉಳಿದರೂ ಅದರೊಳಗಿನ ಕನ್ನಡವನ್ನು ಓದಲಾಗದ ಸ್ಥಿತಿ ಬರಬಹುದು.

## ಹಿನ್ನೆಲೆ

ವಿಂಡೋಸ್ 95 ಮತ್ತು ವಿಂಡೋಸ್ 98 ವ್ಯವಸ್ಥೆಗಳಲ್ಲಿ ಕನ್ನಡ ಲಿಪಿಗೆ ಅಂತರ್ಗತ ಬೆಂಬಲ ಇರಲಿಲ್ಲ. ರೋಮನ್ ಅಕ್ಷರಗಳಿಗೆ ಮೀಸಲಾದ ಸಂಕೇತಸ್ಥಾನಗಳಲ್ಲಿ ಕನ್ನಡ ಅಕ್ಷರಭಾಗಗಳ ಆಕಾರಗಳನ್ನು ಕೂರಿಸಿದ ಫಾಂಟುಗಳ ಮೂಲಕ ಕನ್ನಡವನ್ನು ಮೂಡಿಸಲಾಗುತ್ತಿತ್ತು. 1998ರಲ್ಲಿ ಬಿಡುಗಡೆಯಾದ ಬರಹ ಮತ್ತು ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶಗಳು ಈ ವಿಧಾನದಿಂದಲೇ ಮನೆ, ಕಚೇರಿ ಮತ್ತು ಮುದ್ರಣಾಲಯಗಳಿಗೆ ಕನ್ನಡವನ್ನು ತಲುಪಿಸಿದವು. ನುಡಿ ಕರ್ನಾಟಕ ಸರ್ಕಾರದ ಕಚೇರಿಗಳಲ್ಲಿ ವ್ಯಾಪಕವಾಗಿ ಬಳಕೆಯಾಯಿತು. ಶ್ರೀಲಿಪಿ, ಆಕೃತಿ ಮೊದಲಾದ ವಾಣಿಜ್ಯ ತಂತ್ರಾಂಶಗಳು ಡಿಟಿಪಿ ಕ್ಷೇತ್ರದಲ್ಲಿ ನೆಲೆಗೊಂಡವು.

ಯೂನಿಕೋಡ್ ಶಿಷ್ಟತೆಯಲ್ಲಿ ಕನ್ನಡಕ್ಕೆ 128 ಸಂಕೇತಸ್ಥಾನಗಳ ಪ್ರತ್ಯೇಕ ವಿಭಾಗವು 1991ರ ಮೊದಲ ಆವೃತ್ತಿಯಲ್ಲೇ ಇತ್ತು. ಆದರೆ ಒತ್ತಕ್ಷರ ಮತ್ತು ಗುಣಿತಾಕ್ಷರಗಳನ್ನು ಸರಿಯಾಗಿ ಜೋಡಿಸಿ ತೋರಿಸುವ ಕೆಲಸ ಕಾರ್ಯಾಚರಣಾ ವ್ಯವಸ್ಥೆಯದು. 2000ದಲ್ಲಿ ಬಂದ ವಿಂಡೋಸ್ 2000 ಭಾರತೀಯ ಲಿಪಿಗಳಲ್ಲಿ ದೇವನಾಗರಿ ಮತ್ತು ತಮಿಳನ್ನು ಬೆಂಬಲಿಸಿತು. ಕನ್ನಡಕ್ಕೆ ಬೆಂಬಲ ಹಾಗೂ ತುಂಗಾ ಎಂಬ ಫಾಂಟು 2001ರ ಅಕ್ಟೋಬರ್‌ನಲ್ಲಿ ವಿಂಡೋಸ್ ಎಕ್ಸ್‌ಪಿಯೊಂದಿಗೆ ಬಂದವು. ಆಗಲೂ ಅದು ತಾನಾಗಿ ಲಭ್ಯವಾಗುತ್ತಿರಲಿಲ್ಲ. ಭಾಷಾ ಆಯ್ಕೆಗಳಲ್ಲಿ ಸಂಕೀರ್ಣ ಲಿಪಿಗಳ ಸೌಲಭ್ಯವನ್ನು ಗುರುತುಹಾಕಿ, ಅನುಸ್ಥಾಪನೆಯ ಸಿಡಿಯಿಂದ ಕಡತಗಳನ್ನು ಸೇರಿಸಬೇಕಾಗಿತ್ತು. ವಿಂಡೋಸ್ ವಿಸ್ತಾದಿಂದ ಈಚೆಗೆ ಈ ಬೆಂಬಲ ಪೂರ್ವನಿಯೋಜಿತವಾಗಿ ಬರುತ್ತದೆ.

2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಂತಹ ಯೂನಿಕೋಡ್ ತಾಣಗಳನ್ನು ಓದಬಯಸಿದ ವಿಂಡೋಸ್ 98 ಬಳಕೆದಾರರಿಗೆ ಎಕ್ಸ್‌ಪಿಗೆ ದಾಟಲು ಇದೇ ಒಂದು ಕಾರಣವಾಗಿತ್ತು. ಎಕ್ಸ್‌ಪಿಗೆ ಕನಿಷ್ಠ 64 ಎಂಬಿ, ಶಿಫಾರಸಿನಂತೆ 128 ಎಂಬಿ ರ‍್ಯಾಮ್ ಬೇಕಾಗಿತ್ತು. ಅಷ್ಟು ಸ್ಮೃತಿ ಇಲ್ಲದ ಯಂತ್ರಗಳಲ್ಲಿ ಉನ್ನತೀಕರಣವೆಂದರೆ ಯಂತ್ರಾಂಶದ ಖರ್ಚೂ ಆಗಿತ್ತು.

## ಬೆಂಬಲದ ಅವಧಿ

ತಯಾರಕರು ಪ್ರತಿಯೊಂದು ಆವೃತ್ತಿಗೂ ನಿಗದಿತ ಅವಧಿಯವರೆಗೆ ಮಾತ್ರ ಭದ್ರತಾ ತಿದ್ದುಪಡಿಗಳನ್ನು ಒದಗಿಸುತ್ತಾರೆ. ಅವಧಿ ಮುಗಿದ ದಿನ ಯಂತ್ರವೇನೂ ನಿಂತುಹೋಗುವುದಿಲ್ಲ. ಆದರೆ ಆನಂತರ ಪತ್ತೆಯಾಗುವ ದೋಷಗಳು ತಿದ್ದುಪಡಿಯಿಲ್ಲದೆ ಉಳಿಯುತ್ತವೆ. ವಿಂಡೋಸ್‌ನ ಮುಖ್ಯ ಆವೃತ್ತಿಗಳಿಗೆ ಬೆಂಬಲ ಕೊನೆಗೊಂಡ ದಿನಗಳು ಹೀಗಿವೆ:

* ವಿಂಡೋಸ್ ಎಕ್ಸ್‌ಪಿ: 8 ಏಪ್ರಿಲ್ 2014
* ವಿಂಡೋಸ್ 7: 14 ಜನವರಿ 2020
* ವಿಂಡೋಸ್ 8.1: 10 ಜನವರಿ 2023
* ವಿಂಡೋಸ್ 10: 14 ಅಕ್ಟೋಬರ್ 2025

ವಿಂಡೋಸ್ 10ರ ವೈಯಕ್ತಿಕ ಬಳಕೆದಾರರಿಗೆ, ಹೆಸರು ನೋಂದಾಯಿಸಿದಲ್ಲಿ, 2026ರ ಅಕ್ಟೋಬರ್ 13ರವರೆಗೆ ವಿಸ್ತೃತ ಭದ್ರತಾ ತಿದ್ದುಪಡಿಗಳನ್ನು ಒದಗಿಸುವ ಯೋಜನೆಯನ್ನು ಮೈಕ್ರೋಸಾಫ್ಟ್ ಪ್ರಕಟಿಸಿತು. ಇದಕ್ಕೆ ಯಂತ್ರದಲ್ಲಿ 22ಎಚ್2 ಆವೃತ್ತಿ ಇರಬೇಕು. ಸಂಸ್ಥೆಗಳು ಶುಲ್ಕ ತೆತ್ತು ಮೂರು ವರ್ಷಗಳವರೆಗೆ ಈ ಸೌಲಭ್ಯವನ್ನು ಪಡೆಯಬಹುದು. ಉಬುಂಟುವಿನ ದೀರ್ಘಾವಧಿ ಬೆಂಬಲದ ಆವೃತ್ತಿಗಳು ಎರಡು ವರ್ಷಗಳಿಗೊಮ್ಮೆ ಏಪ್ರಿಲ್‌ನಲ್ಲಿ ಬಿಡುಗಡೆಯಾಗುತ್ತವೆ. ಸಾಮಾನ್ಯ ಬೆಂಬಲ ಐದು ವರ್ಷಗಳದ್ದು.

ಬೆಂಬಲವಿಲ್ಲದ ಅಥವಾ ತಿದ್ದುಪಡಿ ಹಾಕಿಕೊಳ್ಳದ ಯಂತ್ರಗಳ ಅಪಾಯಕ್ಕೆ 2017ರ ಮೇ ತಿಂಗಳ ವಾನಾಕ್ರೈ ದಾಳಿ ಪ್ರಸಿದ್ಧ ಉದಾಹರಣೆ. ಅದು ಕಡತಗಳನ್ನು ಗೂಢಲಿಪೀಕರಿಸಿ, ಬಿಡಿಸಲು ಹಣ ಕೇಳುತ್ತಿತ್ತು. ಅದು ಬಳಸಿಕೊಂಡ ದೋಷಕ್ಕೆ ಬೆಂಬಲದಲ್ಲಿದ್ದ ಆವೃತ್ತಿಗಳಿಗಾಗಿ ಅದೇ ವರ್ಷದ ಮಾರ್ಚ್‌ನಲ್ಲೇ ತಿದ್ದುಪಡಿ ಬಿಡುಗಡೆಯಾಗಿತ್ತು. ಸೋಂಕಿತ ಯಂತ್ರಗಳಲ್ಲಿ ಬಹುಪಾಲು ಆಗಿನ್ನೂ ಬೆಂಬಲದಲ್ಲಿದ್ದ ವಿಂಡೋಸ್ 7ನ್ನೇ ಹೊಂದಿದ್ದವು. ತಿದ್ದುಪಡಿಯನ್ನು ಮಾತ್ರ ಸ್ಥಾಪಿಸಿರಲಿಲ್ಲ. ಎಕ್ಸ್‌ಪಿಗೆ ದಾಳಿ ನಡೆದ ಮೇಲಷ್ಟೇ ತುರ್ತು ತಿದ್ದುಪಡಿ ದೊರೆಯಿತು. ಆದ್ದರಿಂದ ಹೊಸ ಆವೃತ್ತಿ ಇರುವುದಷ್ಟೇ ರಕ್ಷಣೆಯಲ್ಲ, ತಿದ್ದುಪಡಿಗಳು ಬರುತ್ತಿವೆಯೇ ಮತ್ತು ಸ್ಥಾಪನೆಯಾಗುತ್ತಿವೆಯೇ ಎಂಬುದು ಮುಖ್ಯ.

ಬೆಂಬಲ ಕೊನೆಗೊಂಡ ವ್ಯವಸ್ಥೆಗಳನ್ನು ಜಾಲದರ್ಶಕಗಳೂ ಕ್ರಮೇಣ ಕೈಬಿಡುತ್ತವೆ. ವಿಂಡೋಸ್ 7 ಮತ್ತು 8.1ರಲ್ಲಿ ಕೆಲಸ ಮಾಡುವ ಕೊನೆಯ ಕ್ರೋಮ್ ಆವೃತ್ತಿ 109. 2023ರ ಫೆಬ್ರವರಿಯಲ್ಲಿ ಬಂದ 110ನೇ ಆವೃತ್ತಿಯಿಂದ ಅವುಗಳಿಗೆ ಬೆಂಬಲ ನಿಂತಿತು. ಬ್ಯಾಂಕು ಮತ್ತು ಸರ್ಕಾರಿ ಸೇವೆಗಳ ತಾಣಗಳು ಹೊಸ ಗೂಢಲಿಪೀಕರಣ ವಿಧಾನಗಳನ್ನು ಕಡ್ಡಾಯಗೊಳಿಸಿದಾಗ ತೀರ ಹಳೆಯ ವ್ಯವಸ್ಥೆಗಳಲ್ಲಿ ಅವು ತೆರೆಯುವುದೇ ಇಲ್ಲ.

## ಯಂತ್ರಾಂಶದ ಮಿತಿಗಳು

ಯಂತ್ರದ ವಯಸ್ಸಿಗಿಂತ ಅದರ ಘಟಕಗಳೇ ಉನ್ನತೀಕರಣದ ಸಾಧ್ಯತೆಯನ್ನು ನಿರ್ಧರಿಸುತ್ತವೆ. 2021ರ ಅಕ್ಟೋಬರ್ 5ರಂದು ಬಿಡುಗಡೆಯಾದ ವಿಂಡೋಸ್ 11ಕ್ಕೆ 64-ಬಿಟ್ ಸಂಸ್ಕಾರಕ, 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹಸ್ಥಳ, ಸುರಕ್ಷಿತ ಆರಂಭದ ಸೌಲಭ್ಯವುಳ್ಳ ಯುಇಎಫ್‌ಐ ಮತ್ತು ಟಿಪಿಎಂ 2.0 ಭದ್ರತಾ ಘಟಕ ಅಗತ್ಯ. ಇಂಟೆಲ್ ಸಂಸ್ಕಾರಕಗಳ ಪೈಕಿ ಬಹುತೇಕ 8ನೇ ತಲೆಮಾರು ಮತ್ತು ಅದರ ನಂತರದವು ಮಾತ್ರ ಅಧಿಕೃತ ಪಟ್ಟಿಯಲ್ಲಿವೆ. ಹೀಗಾಗಿ ವಿಂಡೋಸ್ 10ರಲ್ಲಿ ಸುಸ್ಥಿತಿಯಲ್ಲಿ ಓಡುವ ಅನೇಕ ಯಂತ್ರಗಳು ಪಟ್ಟಿಯಿಂದ ಹೊರಗುಳಿದವು.

ಕೆಲವು ಯಂತ್ರಗಳಲ್ಲಿ ಟಿಪಿಎಂ ಸೌಲಭ್ಯ ಇದ್ದರೂ ಬಯೋಸ್ ವ್ಯವಸ್ಥೆಯಲ್ಲಿ ಅದನ್ನು ಆರಿಸಿಟ್ಟಿರುತ್ತಾರೆ. ಆದ್ದರಿಂದ ಯಂತ್ರ ಅನರ್ಹವೆಂದು ತೀರ್ಮಾನಿಸುವ ಮೊದಲು ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ತಂತ್ರಾಂಶದಿಂದ ಪರೀಕ್ಷಿಸಿ, ತೊಡಕು ಯಾವ ಘಟಕದ್ದೆಂದು ತಿಳಿಯುವುದು ಸೂಕ್ತ. ಅರ್ಹತೆಯ ತಪಾಸಣೆಯನ್ನು ತಪ್ಪಿಸಿ ವಿಂಡೋಸ್ 11 ಸ್ಥಾಪಿಸುವ ವಿಧಾನಗಳೂ ಪ್ರಚಾರದಲ್ಲಿವೆ. ಅಂತಹ ಯಂತ್ರಗಳಿಗೆ ತಿದ್ದುಪಡಿಗಳ ಖಾತರಿ ಇಲ್ಲವೆಂದು ಮೈಕ್ರೋಸಾಫ್ಟ್ ಹೇಳಿದೆ. ಭದ್ರತೆಗಾಗಿಯೇ ಉನ್ನತೀಕರಿಸುವವರಿಗೆ ಈ ಮಾರ್ಗದಿಂದ ಮೂಲ ಉದ್ದೇಶ ಈಡೇರುವ ಭರವಸೆಯಿಲ್ಲ.

ನಿಧಾನಗತಿಯೇ ಮುಖ್ಯ ದೂರಾದಲ್ಲಿ ಕಾರ್ಯಾಚರಣಾ ವ್ಯವಸ್ಥೆಯನ್ನು ಬದಲಿಸುವುದು ಯಾವಾಗಲೂ ಪರಿಹಾರವಲ್ಲ. ತಿರುಗುವ ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಅಳವಡಿಸಿದರೆ ಮತ್ತು ರ‍್ಯಾಮನ್ನು 8 ಜಿಬಿಗೆ ಏರಿಸಿದರೆ ಹಳೆಯ ಯಂತ್ರದ ಆರಂಭದ ವೇಗ ಗಮನಾರ್ಹವಾಗಿ ಹೆಚ್ಚುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಬಿಡಿಭಾಗಗಳ ಮಾರುಕಟ್ಟೆಗಳಲ್ಲಿ ಹಳೆಯ ಮಾದರಿಯ ಭಾಗಗಳು ದೊರೆಯುವುದರಿಂದ ಹೊಸ ಯಂತ್ರ ಕೊಳ್ಳುವುದಕ್ಕಿಂತ ಇದು ಸಾಮಾನ್ಯವಾಗಿ ಅಗ್ಗ. ಆದರೆ 32-ಬಿಟ್ ಕಾರ್ಯಾಚರಣಾ ವ್ಯವಸ್ಥೆ ಇರುವಲ್ಲಿ 4 ಜಿಬಿಗಿಂತ ಹೆಚ್ಚಿನ ರ‍್ಯಾಮ್ ಸಾಮಾನ್ಯವಾಗಿ ಬಳಕೆಗೆ ಬರುವುದಿಲ್ಲ. 32-ಬಿಟ್ ವಿಂಡೋಸ್‌ನಿಂದ 64-ಬಿಟ್‌ಗೆ ನೇರ ಉನ್ನತೀಕರಣವೂ ಇಲ್ಲ; ಹೊಸದಾಗಿ ಸ್ಥಾಪಿಸಬೇಕು.

ಯಂತ್ರಕ್ಕೆ ಜೋಡಿಸಿದ ಸಾಧನಗಳನ್ನೂ ಗಮನಿಸಬೇಕಾಗುತ್ತದೆ. ಹಳೆಯ ಮುದ್ರಕ, ಸ್ಕ್ಯಾನರ್ ಮತ್ತು ಡಿಜಿಟಲ್ ಸಹಿಯ ಟೋಕನ್‌ಗಳಿಗೆ ಹೊಸ ವ್ಯವಸ್ಥೆಗೆ ಹೊಂದುವ ಚಾಲಕ ತಂತ್ರಾಂಶ ಇಲ್ಲದಿದ್ದರೆ ಅವು ನಿರುಪಯುಕ್ತವಾಗುತ್ತವೆ. ಡಾಸ್ ಕಾಲದ ಹಾಗೂ ಇತರ 16-ಬಿಟ್ ಲೆಕ್ಕಪತ್ರ ತಂತ್ರಾಂಶಗಳು 64-ಬಿಟ್ ವಿಂಡೋಸ್‌ನಲ್ಲಿ ನೇರವಾಗಿ ಓಡುವುದಿಲ್ಲ.

## ಹಳೆಯ ಕನ್ನಡ ಕಡತಗಳ ಪ್ರಶ್ನೆ

ಯೂನಿಕೋಡ್‌ಪೂರ್ವ ಕಡತದಲ್ಲಿ ವಾಸ್ತವವಾಗಿ ಕನ್ನಡ ಅಕ್ಷರಗಳು ಇರುವುದಿಲ್ಲ. ಇರುವುದು ರೋಮನ್ ಅಕ್ಷರಗಳ ಮತ್ತು ಚಿಹ್ನೆಗಳ ಸಾಲು. ನುಡಿ ಅಥವಾ ಬರಹದ ಫಾಂಟು ಅದನ್ನು ಕನ್ನಡದ ಆಕಾರಗಳಲ್ಲಿ ತೋರಿಸುತ್ತದೆ. ಫಾಂಟು ಇಲ್ಲದ ಯಂತ್ರದಲ್ಲಿ ಅದೇ ಕಡತ ಅರ್ಥವಿಲ್ಲದ ಅಕ್ಷರರಾಶಿಯಾಗಿ ಕಾಣುತ್ತದೆ. ಆ ಫಾಂಟನ್ನು ಹೊಸ ವ್ಯವಸ್ಥೆಯಲ್ಲಿಯೂ ಸ್ಥಾಪಿಸಿದರೆ ದಸ್ತಾವೇಜು ಮತ್ತೆ ಓದಲು ಬರುತ್ತದೆ. ಹೀಗಾಗಿ ಉನ್ನತೀಕರಣದ ಮೊದಲು ಫಾಂಟು ಕಡತಗಳ ಪ್ರತಿ ತೆಗೆದಿಡುವುದು ದಸ್ತಾವೇಜುಗಳ ಪ್ರತಿ ತೆಗೆದಿಡುವಷ್ಟೇ ಅವಶ್ಯ. ಆದರೂ ಅಂತಹ ಪಠ್ಯವನ್ನು ಕನ್ನಡದಲ್ಲಿ ಹುಡುಕಲು, ಅಕಾರಾದಿಯಾಗಿ ಜೋಡಿಸಲು ಅಥವಾ ಸಂದೇಶವಾಗಿ ಮೊಬೈಲಿಗೆ ಕಳುಹಿಸಿ ಓದಲು ಸಾಧ್ಯವಿಲ್ಲ. ಶಾಶ್ವತ ಪರಿಹಾರವೆಂದರೆ ಯೂನಿಕೋಡ್‌ಗೆ ಪರಿವರ್ತನೆ.

ಪರಿವರ್ತನೆಯು ಒಂದು ಸಂಕೇತಕ್ಕೆ ಬದಲು ಇನ್ನೊಂದನ್ನು ಇಡುವಷ್ಟು ಸರಳವಲ್ಲ. "ಸೂರ್ಯ" ಎಂಬ ಪದದಲ್ಲಿ ಅರ್ಕಾವತ್ತು ಬರವಣಿಗೆಯಲ್ಲಿ "ಯ" ಅಕ್ಷರದ ನಂತರ ಕಾಣುತ್ತದೆ. ಹಳೆಯ ಫಾಂಟುಗಳು ಅದನ್ನು ಕಾಣುವ ಕ್ರಮದಲ್ಲೇ ದಾಖಲಿಸುತ್ತವೆ. ಯೂನಿಕೋಡ್ ಉಚ್ಚಾರಣೆಯ ಕ್ರಮವನ್ನು ಅನುಸರಿಸುವುದರಿಂದ ಅಲ್ಲಿ ರಕಾರವೇ ಮೊದಲು ಬರುತ್ತದೆ. ಪರಿವರ್ತಕವು ಈ ಕ್ರಮವನ್ನು ಗುರುತಿಸಿ ಮರುಜೋಡಿಸಬೇಕು. ಕನ್ನಡದ ನಡುವೆ ಇಂಗ್ಲಿಷ್ ಪದಗಳಿದ್ದಲ್ಲಿ, ಫಾಂಟಿನ ಮಾಹಿತಿಯನ್ನು ಗಮನಿಸದ ಪರಿವರ್ತಕವು ಅವನ್ನೂ ಕನ್ನಡವೆಂದೇ ಭಾವಿಸಿ ಕೆಡಿಸುತ್ತದೆ. ಶ್ರೀಲಿಪಿ, ಆಕೃತಿ ಮತ್ತು ನುಡಿಗಳ ಸಂಕೇತಗಳು ಬೇರೆ ಬೇರೆಯಾದ್ದರಿಂದ ಒಂದಕ್ಕೆಂದು ಬರೆದ ಪರಿವರ್ತಕ ಇನ್ನೊಂದಕ್ಕೆ ಹೊಂದುವುದಿಲ್ಲ. ನುಡಿ ಮತ್ತು ಬರಹ ತಂತ್ರಾಂಶಗಳ ನಂತರದ ಆವೃತ್ತಿಗಳಲ್ಲಿ ಪರಿವರ್ತನೆಯ ಸೌಲಭ್ಯವಿದೆ. ಸ್ವಯಂಸೇವಕರು ರೂಪಿಸಿದ ಮುಕ್ತ ಪರಿವರ್ತಕಗಳೂ ಲಭ್ಯ. ಪರಿವರ್ತಿತ ಪಠ್ಯದಲ್ಲಿ ಅರ್ಕಾವತ್ತು, ಒತ್ತಕ್ಷರ, ಅಂಕಿಗಳು ಮತ್ತು ಹೆಸರುಗಳನ್ನು ಮೂಲದೊಂದಿಗೆ ಹೋಲಿಸಿ ನೋಡುವುದು ಅಗತ್ಯ.

ಮುದ್ರಣಾಲಯಗಳಲ್ಲಿ ತೊಡಕು ಇನ್ನಷ್ಟು ಹೆಚ್ಚು. ದೀರ್ಘಕಾಲ ಬಳಕೆಯಲ್ಲಿದ್ದ ಪೇಜ್‌ಮೇಕರ್ ಯೂನಿಕೋಡನ್ನು ಬೆಂಬಲಿಸುವುದಿಲ್ಲ. ಕೆಲವು ಹಳೆಯ ಡಿಟಿಪಿ ತಂತ್ರಾಂಶಗಳು ಡಾಂಗಲ್ ಎಂಬ ಬೀಗದ ಸಾಧನವಿಲ್ಲದೆ ತೆರೆಯುವುದಿಲ್ಲ, ಮತ್ತು ಆ ಸಾಧನವನ್ನು ಸಿಕ್ಕಿಸುವ ಪ್ಯಾರಲಲ್ ಪೋರ್ಟ್ ಹೊಸ ಯಂತ್ರಗಳಲ್ಲಿ ಇರುವುದಿಲ್ಲ. ಹೀಗೆ ಪುಸ್ತಕಗಳ ಪುಟವಿನ್ಯಾಸದ ಕಡತಗಳಿಗಾಗಿಯೇ ಹಳೆಯ ಯಂತ್ರವನ್ನು ಹಾಗೆಯೇ ಉಳಿಸಿಕೊಳ್ಳಬೇಕಾಗುತ್ತದೆ. ಅಂತಹ ಸಂದರ್ಭದಲ್ಲಿ ಪ್ರತಿಯೊಂದು ಪುಸ್ತಕದ ಪಿಡಿಎಫ್ ತೆಗೆದಿಡುವುದರಿಂದ ಓದುವಿಕೆ ಮತ್ತು ಮರುಮುದ್ರಣದ ಮಟ್ಟಿಗಾದರೂ ಕೃತಿ ಉಳಿಯುತ್ತದೆ.

ಯೂನಿಕೋಡ್ ಕಡತಗಳಿಗೆ ಇಂತಹ ಅಪಾಯವಿಲ್ಲವಾದರೂ ನೋಟ ಬದಲಾಗಬಹುದು. ವಿಂಡೋಸ್ 10ರಿಂದ ತುಂಗಾ ಫಾಂಟು ಪೂರಕ ಫಾಂಟುಗಳ ಐಚ್ಛಿಕ ಕಂತೆಗೆ ಸೇರಿದೆ. ಅದನ್ನು ಸ್ಥಾಪಿಸದ ಯಂತ್ರದಲ್ಲಿ ತುಂಗಾದಲ್ಲಿ ರಚಿಸಿದ ದಸ್ತಾವೇಜು ನಿರ್ಮಲಾ ಯುಐನಂತಹ ಬೇರೊಂದು ಫಾಂಟಿನಲ್ಲಿ ಕಾಣುತ್ತದೆ. ಇದರಿಂದ ಸಾಲು ಮತ್ತು ಪುಟಗಳ ಅಳತೆ ಬದಲಾಗಬಹುದು.

## ಲಭ್ಯ ಆಯ್ಕೆಗಳು

* ಅದೇ ವ್ಯವಸ್ಥೆಯ ಮುಂದಿನ ಆವೃತ್ತಿ: ಯಂತ್ರ ಅಧಿಕೃತವಾಗಿ ಅರ್ಹವಾಗಿದ್ದು, ಬಳಸುವ ತಂತ್ರಾಂಶ ಮತ್ತು ಸಾಧನಗಳು ಹೊಂದಿಕೆಯಾಗುವುದಾದರೆ ಇದೇ ನೇರ ಮಾರ್ಗ.
* ವಿಸ್ತೃತ ತಿದ್ದುಪಡಿ: ಹೊಸ ಯಂತ್ರಕ್ಕೆ ಹಣ ಕೂಡಿಸಲು ಅಥವಾ ಕಡತಗಳ ಪರಿವರ್ತನೆ ಮುಗಿಸಲು ಸಮಯ ಬೇಕಾದಾಗ ಉಪಯುಕ್ತ. ಇದು ತಾತ್ಕಾಲಿಕ ವ್ಯವಸ್ಥೆ.
* ಗ್ನು/ಲಿನಕ್ಸ್‌ಗೆ ಬದಲಾವಣೆ: ಲುಬುಂಟು, ಕ್ಸುಬುಂಟು, ಲಿನಕ್ಸ್ ಮಿಂಟ್ ಮೊದಲಾದ ವಿತರಣೆಗಳು ವಿಂಡೋಸ್ 11ಕ್ಕೆ ಅನರ್ಹವಾದ ಯಂತ್ರಗಳಲ್ಲೂ ಓಡುತ್ತವೆ. 32-ಬಿಟ್ ಯಂತ್ರಗಳಿಗೆ ಮಾತ್ರ ಆಯ್ಕೆ ಕುಗ್ಗಿದೆ. ಉಬುಂಟು 2017ರಲ್ಲಿ ಅಂತಹ ಡೆಸ್ಕ್‌ಟಾಪ್ ಆವೃತ್ತಿಯನ್ನು ನಿಲ್ಲಿಸಿತು. 2025ರಲ್ಲಿ ಬಂದ ಡೆಬಿಯನ್ 13 ಅವುಗಳಿಗೆ ಅನುಸ್ಥಾಪಕವನ್ನು ಒದಗಿಸುವುದಿಲ್ಲ.
* ಮಿಥ್ಯಾ ಯಂತ್ರ: ವರ್ಚುವಲ್‌ಬಾಕ್ಸ್‌ನಂತಹ ತಂತ್ರಾಂಶದ ಮೂಲಕ ಹೊಸ ವ್ಯವಸ್ಥೆಯೊಳಗೆ ಹಳೆಯ ವ್ಯವಸ್ಥೆಯನ್ನು ನಡೆಸುವುದು. ಹಳೆಯ ವಿಂಡೋಸ್‌ನ ಪರವಾನಗಿ ಕೈಯಲ್ಲಿರಬೇಕು, ಸಾಕಷ್ಟು ರ‍್ಯಾಮ್ ಇರಬೇಕು.
* ಜಾಲದಿಂದ ಬೇರ್ಪಡಿಸಿ ಉಳಿಸಿಕೊಳ್ಳುವುದು: ಅಂತರಜಾಲದ ಅಗತ್ಯವಿಲ್ಲದ ಒಂದೇ ಕೆಲಸಕ್ಕೆ ಯಂತ್ರವನ್ನು ಮೀಸಲಿಡುವುದು. ಪೆನ್‌ಡ್ರೈವ್ ಮೂಲಕ ಸೋಂಕು ತಗಲುವ ಸಾಧ್ಯತೆ ಆಗಲೂ ಉಳಿಯುತ್ತದೆ.

## ಕರ್ನಾಟಕದಲ್ಲಿ ಸ್ವತಂತ್ರ ತಂತ್ರಾಂಶದ ಬಳಕೆ

ಪರವಾನಗಿ ಶುಲ್ಕವಿಲ್ಲದ ಕಾರ್ಯಾಚರಣಾ ವ್ಯವಸ್ಥೆಯ ಬಳಕೆಗೆ ಶಾಲಾ ಶಿಕ್ಷಣದಲ್ಲಿ ಗಮನಾರ್ಹ ಉದಾಹರಣೆಗಳಿವೆ. ಬೆಂಗಳೂರಿನ ಜಯನಗರ 4ನೇ "ಟಿ" ಬ್ಲಾಕ್ ಪ್ರದೇಶದ ತಿಲಕ್ ನಗರದಲ್ಲಿ ಕಚೇರಿ ಹೊಂದಿರುವ ಐಟಿ ಫಾರ್ ಚೇಂಜ್ ಸಂಸ್ಥೆಯು ರಾಜ್ಯ ಶಿಕ್ಷಣ ಇಲಾಖೆಯೊಂದಿಗೆ ಸೇರಿ ಸರ್ಕಾರಿ ಪ್ರೌಢಶಾಲಾ ಶಿಕ್ಷಕರಿಗಾಗಿ ವಿಷಯ ಶಿಕ್ಷಕರ ವೇದಿಕೆ ಎಂಬ ಕಾರ್ಯಕ್ರಮವನ್ನು ನಡೆಸಿತು. ಇದರಲ್ಲಿ ಉಬುಂಟು ಹಾಗೂ ಜಿಯೋಜಿಬ್ರಾದಂತಹ ಶೈಕ್ಷಣಿಕ ತಂತ್ರಾಂಶಗಳನ್ನು ಬಳಸಲಾಯಿತು. ಕಾರ್ಯಾಚರಣಾ ವ್ಯವಸ್ಥೆ, ಕಚೇರಿ ತಂತ್ರಾಂಶ ಮತ್ತು ಪಾಠೋಪಕರಣಗಳನ್ನು ಒಂದೇ ಕಂತೆಯಾಗಿ ಸ್ಥಾಪಿಸಿ, ನಿರ್ಬಂಧವಿಲ್ಲದೆ ಇನ್ನೊಂದು ಯಂತ್ರಕ್ಕೆ ಪ್ರತಿಮಾಡಬಹುದಾದುದು ಈ ಆಯ್ಕೆಯ ಅನುಕೂಲವಾಗಿತ್ತು. ಕನ್ನಡ ಮತ್ತು ಇಂಗ್ಲಿಷ್‌ನಲ್ಲಿರುವ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ವಿಕಿ ತಾಣವೂ ಇದೇ ಪ್ರಯತ್ನದ ಭಾಗ.

ತಿಲಕ್ ನಗರದ ಸಮೀಪದ ಗುರಪ್ಪನಪಾಳ್ಯದ ಸುದರ್ಶನ್ ಲೇಔಟ್‌ನಲ್ಲಿ ಸ್ವತಂತ್ರ ತಂತ್ರಾಂಶ ಆಂದೋಲನ ಕರ್ನಾಟಕದ ಸ್ವಯಂಸೇವಕರು ಅಂಬೇಡ್ಕರ್ ಸಮುದಾಯ ಗಣಕ ಕೇಂದ್ರವನ್ನು ನಡೆಸಿದರು. ಕೊಳೆಗೇರಿಯ ಮಕ್ಕಳು ಅಲ್ಲಿ ಗ್ನು/ಲಿನಕ್ಸ್ ಯಂತ್ರಗಳಲ್ಲಿ ಗಿಂಪ್ ತಂತ್ರಾಂಶದಿಂದ ಚಿತ್ರ ಬಿಡಿಸುವುದನ್ನು ಕಲಿತರು. ನೆರೆಯ ಕೇರಳದಲ್ಲಿ ಐಟಿ@ಸ್ಕೂಲ್ ಯೋಜನೆ ಮತ್ತು ಅದರ ಉತ್ತರಾಧಿಕಾರಿಯಾದ ಕೈಟ್ ಸಂಸ್ಥೆ ಸರ್ಕಾರಿ ಶಾಲೆಗಳಿಗೆ ಉಬುಂಟು ಆಧಾರಿತ ವ್ಯವಸ್ಥೆಯನ್ನು ಒದಗಿಸುತ್ತಿವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳೂ ಅದರ ವ್ಯಾಪ್ತಿಗೆ ಬರುತ್ತವೆ.

ಗ್ನು/ಲಿನಕ್ಸ್‌ನಲ್ಲಿ ಕನ್ನಡಕ್ಕೆ ಗುಬ್ಬಿ, ನವಿಲು, ಲೋಹಿತ್ ಕನ್ನಡ ಮತ್ತು ನೋಟೊ ಕನ್ನಡ ಫಾಂಟುಗಳು ಲಭ್ಯವಿವೆ. ಐಬಸ್ ವ್ಯವಸ್ಥೆಯ ಮೂಲಕ ನುಡಿಯಲ್ಲಿ ರೂಢಿಯಾದ ಕೆಜಿಪಿ ಕೀಲಿಮಣೆಯ ವಿನ್ಯಾಸವನ್ನೇ ಬಳಸಬಹುದಾದ್ದರಿಂದ ಬೆರಳಚ್ಚುಗಾರರು ಹೊಸ ವಿನ್ಯಾಸವನ್ನು ಕಲಿಯಬೇಕಾಗುವುದಿಲ್ಲ.

## ನಿರ್ಧಾರದ ಕ್ರಮ

ಉನ್ನತೀಕರಣದ ಮೊದಲು ಸಾಮಾನ್ಯವಾಗಿ ಪರಿಶೀಲಿಸಬೇಕಾದ ಅಂಶಗಳು:

1. ಈಗಿರುವ ಆವೃತ್ತಿಗೆ ಭದ್ರತಾ ತಿದ್ದುಪಡಿಗಳು ಯಾವ ದಿನದವರೆಗೆ ಬರುತ್ತವೆ ಎಂಬುದನ್ನು ತಿಳಿಯುವುದು. ಅವಧಿ ಉಳಿದಿದ್ದರೆ ಅವಸರದ ಅಗತ್ಯವಿಲ್ಲ.
2. ಯಂತ್ರದಲ್ಲಿ ನಡೆಯುವ ಕೆಲಸಗಳನ್ನು ಪಟ್ಟಿಮಾಡುವುದು. ಬ್ಯಾಂಕ್ ವ್ಯವಹಾರ ನಡೆಯುವ ಯಂತ್ರಕ್ಕೂ ಹಳೆಯ ದಸ್ತಾವೇಜು ಮುದ್ರಿಸಲಷ್ಟೇ ಇರುವ ಯಂತ್ರಕ್ಕೂ ಒಂದೇ ಉತ್ತರ ಹೊಂದದು.
3. ಕನ್ನಡ ಕಡತಗಳು ಯಾವ ಸಂಕೇತದಲ್ಲಿವೆ ಎಂದು ನೋಡುವುದು. ಪಠ್ಯದ ತುಣುಕನ್ನು ನಕಲಿಸಿ ಮಿಂಚಂಚೆಗೆ ಅಂಟಿಸಿದಾಗ ಕನ್ನಡವಾಗಿಯೇ ಕಂಡರೆ ಅದು ಯೂನಿಕೋಡ್. ರೋಮನ್ ಅಕ್ಷರಗಳಾಗಿ ಕಂಡರೆ ಪರಿವರ್ತನೆ ಬೇಕು.
4. ದಸ್ತಾವೇಜು, ಫಾಂಟು, ತಂತ್ರಾಂಶದ ಅನುಸ್ಥಾಪಕ ಮತ್ತು ಪರವಾನಗಿ ಸಂಖ್ಯೆಗಳನ್ನು ಹೊರಗಿನ ಡಿಸ್ಕಿಗೆ ಪ್ರತಿಮಾಡಿ, ಆ ಪ್ರತಿಗಳು ಇನ್ನೊಂದು ಯಂತ್ರದಲ್ಲಿ ತೆರೆಯುತ್ತವೆಯೇ ಎಂದು ಪರೀಕ್ಷಿಸುವುದು. ಡಿಸ್ಕ್ ಗೂಢಲಿಪೀಕರಣಗೊಂಡಿದ್ದರೆ ಅದರ ಮರುಪಡೆ ಕೀಲಿಯನ್ನು ಬರೆದಿಟ್ಟುಕೊಳ್ಳುವುದು.
5. ಗ್ನು/ಲಿನಕ್ಸ್‌ಗೆ ಬದಲಾಯಿಸುವುದಾದರೆ, ಅನುಸ್ಥಾಪಿಸದೆಯೇ ಪೆನ್‌ಡ್ರೈವ್‌ನಿಂದ ಅದನ್ನು ಓಡಿಸಿ ವೈಫೈ, ಧ್ವನಿ, ಮುದ್ರಕ ಮತ್ತು ಕನ್ನಡ ಬೆರಳಚ್ಚನ್ನು ಪರೀಕ್ಷಿಸುವುದು.
6. ಸಾಧ್ಯವಾದಲ್ಲಿ ಹಳೆಯ ಡಿಸ್ಕನ್ನು ಅಳಿಸದೆ ತೆಗೆದಿಟ್ಟು, ಹೊಸ ಎಸ್‌ಎಸ್‌ಡಿಯಲ್ಲಿ ಹೊಸ ವ್ಯವಸ್ಥೆಯನ್ನು ಸ್ಥಾಪಿಸುವುದು. ಏನಾದರೂ ಬಿಟ್ಟುಹೋಗಿದ್ದರೆ ಹಳೆಯ ಡಿಸ್ಕಿನಿಂದ ಮರಳಿ ಪಡೆಯಬಹುದು.

## ವಿಲೇವಾರಿ

ಉನ್ನತೀಕರಣ ಸಾಧ್ಯವಿಲ್ಲದ ಯಂತ್ರವನ್ನು ಕೈಬಿಡುವುದಾದರೆ ಅದು ಇ-ತ್ಯಾಜ್ಯವಾಗುತ್ತದೆ. ಭಾರತದಲ್ಲಿ ಇದರ ನಿರ್ವಹಣೆಗೆ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು, 2022 ಅನ್ವಯವಾಗುತ್ತವೆ. ಯಂತ್ರವನ್ನು ನೋಂದಾಯಿತ ಮರುಬಳಕೆದಾರರಿಗೆ ನೀಡಬೇಕು, ಗುಜರಿಗೆ ಹಾಕಬಾರದು. ಯಂತ್ರವನ್ನು ಮಾರುವ, ದಾನ ಮಾಡುವ ಅಥವಾ ಮರುಬಳಕೆಗೆ ಕೊಡುವ ಮೊದಲು ಡಿಸ್ಕಿನ ದತ್ತಾಂಶವನ್ನು ಮರಳಿ ಪಡೆಯಲಾಗದಂತೆ ಅಳಿಸುವುದು ಅವಶ್ಯ. ಕಡತವನ್ನು ಕಸದಬುಟ್ಟಿಗೆ ಹಾಕಿದರೆ ಅಥವಾ ಡಿಸ್ಕನ್ನು ಶೀಘ್ರ ಫಾರ್ಮ್ಯಾಟ್ ಮಾಡಿದರೆ ದತ್ತಾಂಶ ಪೂರ್ಣವಾಗಿ ಅಳಿಯುವುದಿಲ್ಲ.

## ಇವನ್ನೂ ನೋಡಿ

* ಕಾರ್ಯಾಚರಣಾ ವ್ಯವಸ್ಥೆ
* ಯೂನಿಕೋಡ್
* ನುಡಿ (ತಂತ್ರಾಂಶ)
* ಬರಹ (ತಂತ್ರಾಂಶ)
* ಉಬುಂಟು
* ಇ-ತ್ಯಾಜ್ಯ